ಬೆರಳು ಕಾಣುವಷ್ಟು

ಅವನನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕಾಫಿ ಎಂದೇ ಕರೆಯುತ್ತಿದ್ದರು. ಹಾಗಂತ ಅವನೇನೂ ಕಾಫಿಯ ಚಟದವನಲ್ಲ. ಸಂಜೆಯ ಮೇಲೆ ಎರಡು ಗುಟುಕು ಕುಡಿದರೆ ಬೆಳಗಿನ ತನಕ ಸೂರು ನೋಡುತ್ತ ಬಿದ್ದಿರುವ ಜೀವ ಅದು. ಹೆಸರು ಬಂದದ್ದು ಅವನು ಹಂಚುತ್ತಿದ್ದ ನೀರಿನ ಬಣ್ಣದಿಂದ. ಊರಾಚೆ ಒಂದು ಕಾರ್ಖಾನೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಅದೇ ಕಾಕಂಬಿ, ಅಲ್ಲಿಗೆ ಬಂದು ಹುಳಿ ಹಿಡಿದು, ಕುದಿದು, ಸ್ಪಿರಿಟ್ಟಾಗಿ ಹೊರಡುತ್ತಿತ್ತು. ಸ್ಪಿರಿಟ್ಟು ಲಾರಿ ಹತ್ತಿ ಮರ್ಯಾದೆಯಿಂದ ಹೋದ ಮೇಲೆ ಹಿಂದೆ ಉಳಿಯುವ ಕಂದು ನೀರನ್ನು ಕೇಳುವವರು ಯಾರು? ಅದನ್ನು ತೊಟ್ಟಿಗಳಲ್ಲಿ ಕೊಳೆಸಿ, ಅದರ ಉಗ್ರತೆ ಇಳಿಸಿ, ಒಂದು ದೊಡ್ಡ ಕೊಳದಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಸುತ್ತಲಿನ ಹೊಲಗಳಿಗೆ ಅದನ್ನು ಗೊಬ್ಬರವಾಗಿ ಕಳಿಸುವುದು ಕಾಫಿಯ ಕೆಲಸ.

ಕೊಳದ ದಂಡೆಯ ಮೇಲೆ ಅವನ ಪಂಪ್‌ಹೌಸ್. ಒಂದು ಕಿಟಕಿ, ಒಂದು ಸ್ಟೂಲು, ಹೊರಗೆ ಸಿಮೆಂಟಿನ ತೊಟ್ಟಿ. ತೊಟ್ಟಿಯ ಮೇಲೆ ಎರಡು ಕಬ್ಬಿಣದ ಚಕ್ರ. ಕಪ್ಪು ಬಣ್ಣ ಬಳಿದ ಚಕ್ರ ತಿರುಗಿಸಿದರೆ ಕೊಳದ ನೀರು, ನೀಲಿ ಚಕ್ರ ತಿರುಗಿಸಿದರೆ ನದಿಯ ಒಳ್ಳೆಯ ನೀರು. ಎರಡೂ ತೊಟ್ಟಿಯಲ್ಲಿ ಬೆರೆತು ಪೈಪು ಸೇರಬೇಕು. ಕಪ್ಪು ನೀರಿನಲ್ಲಿ ಸಾರ ಬೇಕಾದಷ್ಟಿದೆ, ಉಪ್ಪೂ ಅಷ್ಟೇ ಇದೆ. ತೆಳುವಾಗಿ ಕುಡಿಸಿದರೆ ಮೆಕ್ಕೆಜೋಳ ಆಳೆತ್ತರ ಏಳುತ್ತದೆ. ಗಟ್ಟಿಯಾಗಿ ಕುಡಿಸಿದಿರೋ, ಬೇರು ಸುಟ್ಟು ಹೋಗುತ್ತದೆ.

ಹದ ನೋಡುವುದಕ್ಕೆ ಅವನದೊಂದು ಗಾಜಿನ ಲೋಟ. ತೊಟ್ಟಿಯ ನೀರನ್ನು ಅದರಲ್ಲಿ ತುಂಬಿ ಬೆಳಕಿಗೆ ಹಿಡಿಯುತ್ತಿದ್ದ. ಆ ದಿನ ಯಾರ ಸರದಿಯೋ ಆ ರೈತ ಲೋಟದ ಹಿಂದೆ ತನ್ನ ಬೆರಳಿಡಬೇಕು. ಬೆರಳು ಕಂಡರೆ ನೀರು ಹೊಲಕ್ಕೆ ಹೋಗಬಹುದು. ಕಾಣದಿದ್ದರೆ ನೀಲಿ ಚಕ್ರ ಇನ್ನೊಂದು ಸುತ್ತು. ಹೊಲ ಯಾರದೋ ಬೆರಳೂ ಅವರದೇ ಆಗಬೇಕು, ಇದರಲ್ಲಿ ಕಾಫಿ ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ. ಕಾರ್ಖಾನೆಯ ಸೂಪರ್‌ವೈಸರ್ ಮೇಡಂ ಹತ್ತಿರ ಉಪ್ಪು ಅಳೆಯುವ ಮೀಟರ್ ಇತ್ತು, ವಾರಕ್ಕೊಮ್ಮೆ ತಂದು ಅದ್ದಿ ನೋಡುತ್ತಿದ್ದರು. ಸಾಮಾನ್ಯವಾಗಿ ಮೀಟರೂ ಲೋಟವೂ ಒಂದೇ ಮಾತು ಹೇಳುತ್ತಿದ್ದವು. ಬೇರೆ ಹೇಳಿದ ದಿನ ಅವನು ತೆಪ್ಪಗೆ ಮೀಟರಿನ ಮಾತು ಕೇಳುತ್ತಿದ್ದ.

ಇನ್ನು ವಾಸನೆ. ಹುಳಿತ ಬೆಲ್ಲ, ಹಳೆಯ ಚರ್ಮ, ಒದ್ದೆ ಗೋಣಿಚೀಲ, ಮೂರೂ ಸೇರಿದ ಹಾಗೆ. ಸೋಪಿಗೆ ಬಗ್ಗುವ ವಾಸನೆಯಲ್ಲ. ಗಂಡ ರಸ್ತೆಯ ತಿರುವಿಗೆ ಬರುವಾಗಲೇ ತನಗೆ ಗೊತ್ತಾಗುತ್ತದೆ, ಊಟ ಬಿಸಿ ಮಾಡುವುದಕ್ಕೆ ಅನುಕೂಲ ಎಂದು ಅವನ ಹೆಂಡತಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಆ ವಾಸನೆಯ ಬಗ್ಗೆ ನಗದಿದ್ದವಳು ಊರಿನಲ್ಲಿ ಒಬ್ಬಳೇ, ಅವನ ಅಕ್ಕ.

ಅಕ್ಕ ಬರೀ ಅಕ್ಕನಲ್ಲ. ಅವನು ಇನ್ನೂ ತೊದಲುತ್ತಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಪ್ಪ ಬೆಳಿಗ್ಗೆ ಲಾರಿಗೆ ಮೂಟೆ ಹೊರಲು ಹೋದರೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ಲಂಗದ ವಯಸ್ಸಿನ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು ಮನೆ ನಡೆಸಿದಳು. ಮನೆಗೆ ಬರುತ್ತಿದ್ದದ್ದು ಒಂದು ಸಣ್ಣ ಪಾತ್ರೆ ಹಾಲು. ಅದನ್ನು ಕಾಯಿಸಿ, ಕೆನೆ ಸಮೇತ ತಮ್ಮನ ಲೋಟಕ್ಕೆ ಬಗ್ಗಿಸಿ, ಪಾತ್ರೆಯ ಅಂಚಿಗೆ ಅಂಟಿದ್ದಕ್ಕೆ ಬಿಸಿನೀರು ಹಾಕಿ ಅಲುಗಾಡಿಸಿ ತಾನು ಕುಡಿಯುತ್ತಿದ್ದಳು. ಆ ಬೆಳ್ಳನೆಯ ನೀರಿನ ಬಣ್ಣ ಕಾಫಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಗುವಾಗಿದ್ದಾಗ ಅವನಿಗೆ ಅದೇನೂ ಅನ್ನಿಸಿರಲಿಲ್ಲ. ಅನ್ನಿಸತೊಡಗಿದ್ದು ತಾನೇ ತಂದೆಯಾಗಿ ಮಕ್ಕಳಿಗೆ ಹಾಲು ಬಗ್ಗಿಸುವ ಕಾಲ ಬಂದಾಗ.

ಆಗಿನ ಕಾರ್ಖಾನೆಗೆ ಕೊಳವೂ ಇರಲಿಲ್ಲ, ಚಕ್ರವೂ ಇರಲಿಲ್ಲ. ಹಸಿ ಹಸಿ ನೀರನ್ನು ಒಂದು ಮೋರಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಮೋರಿ ಇವರ ಬೀದಿಯ ಬೆನ್ನಿಗೇ ಹರಿದು ಹಳ್ಳ ಸೇರುತ್ತಿತ್ತು. ಹಳ್ಳದಲ್ಲಿ ಮೀನು ಸತ್ತವು, ಬಾವಿಗಳು ನಾರಿದವು. ಒಂದು ದಿನ ಮೋರಿಯ ಹೂಳು ತೆಗೆಯಲೆಂದು ಕೂಲಿಯವರು ಅದರ ಮೇಲಿನ ಕಬ್ಬಿಣದ ಜಾಲರಿ ಎತ್ತಿ ಕೋಲು ಕೊಟ್ಟು ನಿಲ್ಲಿಸಿದ್ದರು. ಚೆಂಡಿನ ಹಿಂದೆ ಓಡಿದ ತಮ್ಮ ಜಾರಿ ಒಳಗೆ ಬಿದ್ದ. ಅಕ್ಕ ನೆಲಕ್ಕೆ ಬೋರಲಾಗಿ ಬಿದ್ದು, ಒಂದು ಕೈಯಲ್ಲಿ ಮೋರಿಯ ಅಂಚು ಹಿಡಿದು ಇನ್ನೊಂದರಲ್ಲಿ ಅವನ ಜುಟ್ಟು ಹಿಡಿದು ಎಳೆದಳು. ಎಳೆಯುವ ರಭಸಕ್ಕೆ ಕೋಲು ಜಾರಿ ಜಾಲರಿ ಅವಳ ಬಲಗೈ ತೋರುಬೆರಳ ಮೇಲೆ ಬಿತ್ತು. ತಮ್ಮ ಮೂಗು ಬಾಯಿಯಿಂದ ಕಂದು ನೀರು ಕಕ್ಕಿ ಬದುಕಿಕೊಂಡ. ಅವಳ ಬೆರಳು ಕೂಡಿತು, ಆದರೆ ಉಗುರು ಸೀಳಿ, ತುದಿ ಕೊಕ್ಕೆಯ ಹಾಗೆ ಒಳಕ್ಕೆ ತಿರುಗಿಯೇ ಉಳಿಯಿತು. ಅಂದಿನಿಂದ ಆ ನೀರೆಂದರೆ ಅವಳಿಗೆ ಆಗದು.

ಅಂಥವಳ ತಮ್ಮ ದೊಡ್ಡವನಾಗಿ ಅದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಸೇರಿದ ವರ್ಷ ಅಕ್ಕ ಒಂದಿಡೀ ಬೇಸಿಗೆ ಅವನ ಜೊತೆ ಮಾತು ಬಿಟ್ಟಳು. ಆಮೇಲೆ ಊರವರೆಲ್ಲ ಗಲಾಟೆ ಮಾಡಿ ಮೋರಿ ಮುಚ್ಚಿಸಿದರು, ಕೊಳ ಬಂತು, ಪೈಪುಗಳು ಬಂದವು, ಹೊಲಗಳು ಹಸಿರಾದವು. ಅಕ್ಕನ ಸಿಟ್ಟು ಇಳಿಯಿತು, ಹಟ ಇಳಿಯಲಿಲ್ಲ. ತಮ್ಮ ಮನೆಗೆ ಬಂದರೆ ಹೊರಗಿನ ನಲ್ಲಿಯಲ್ಲಿ ಕೈಕಾಲು ತೊಳೆಯಬೇಕು, ಕೆಲಸದ ಅಂಗಿಯನ್ನು ಹೊರಗಿನ ಮೊಳೆಗೆ ಸಿಕ್ಕಿಸಬೇಕು. ಬಾಗಿಲ ಹಿಂದೆ ತೀರಿಹೋದ ಭಾವನ ಒಂದು ಹಳೆಯ ಅಂಗಿ ಒಗೆದು ಮಡಿಚಿ ಇಟ್ಟಿರುತ್ತಿದ್ದಳು. ಅದನ್ನು ತೊಟ್ಟ ಮೇಲೆಯೇ ಊಟ. ಅಂಗಿ ಅವನಿಗೆ ಮೊಣಕಾಲಿನವರೆಗೆ ಬರುತ್ತಿತ್ತು, ಭಾವ ಅಷ್ಟು ಎತ್ತರದ ಆಳು.

ಅಕ್ಕನಿಗೊಂದು ತುಂಡು ಹೊಲವಿತ್ತು, ಮುಖ್ಯ ಪೈಪಿನ ಮಗ್ಗುಲಿಗೇ. ಸುತ್ತಲಿನವರೆಲ್ಲ ಸರದಿಗಾಗಿ ಕಾಫಿಯ ಹಿಂದೆ ಮುಂದೆ ಸುತ್ತುತ್ತಿದ್ದರೆ ಅಕ್ಕ ಮಾತ್ರ ತನ್ನ ಬಾವಿ, ತನ್ನ ಎರಡು ಹಸುವಿನ ಸಗಣಿಗೊಬ್ಬರ ನೆಚ್ಚಿಕೊಂಡಿದ್ದಳು. ಪಕ್ಕದ ಹೊಲದ ಮೀಸೆಯಪ್ಪ, ಮೀಸೆ ತಿರುವಿಕೊಂಡೇ ಮಾತಾಡುವ ಆಸಾಮಿ, ಊರಿಗೆಲ್ಲ ಉಣಿಸುವವನಿಗೆ ಸ್ವಂತ ಅಕ್ಕನ ಹೊಲ ಕಾಣಿಸುವುದಿಲ್ಲವೇ ಎಂದು ಕೆಣಕುತ್ತಿದ್ದ. ಕಾಫಿ ಪ್ರತಿ ಬಿತ್ತನೆಗೂ ಮುಂಚೆ ಮೆಲ್ಲಗೆ ಕೇಳುತ್ತಿದ್ದ. ಮುಂದಿನ ಸಲ ನೋಡೋಣ ಎಂದು ಅವಳು ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಹಾಗೆ ಅದೆಷ್ಟು ಮುಂದಿನ ಸಲಗಳು ಕಳೆದುಹೋದವೋ.

ಕಾಫಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ತನ್ನ ಜೀವಮಾನದ ದುಡಿಮೆಯನ್ನು ಅಕ್ಕ ಬಾಗಿಲ ಹೊರಗಿನ ಮೊಳೆಗೆ ಸಿಕ್ಕಿಸಿಟ್ಟಿದ್ದಾಳೆ ಎಂದು ಒಮ್ಮೆ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ.

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಅಕ್ಕನ ಸೊಂಟವೂ ಮಂಡಿಯೂ ಕೈಕೊಟ್ಟಿದ್ದವು, ಹಸುಗಳನ್ನು ಕೊಟ್ಟುಬಿಟ್ಟಿದ್ದಳು. ಗೊಬ್ಬರವಿಲ್ಲದೆ ಜೋಳ ಕಾಯಿಲೆಯ ಮಗುವಿನ ಹಾಗೆ ಬಿಳಿಚಿಕೊಂಡಿತ್ತು. ಆ ಸಲ ಕಾಫಿ ನೀರಿನ ಮಾತು ಎತ್ತಲಿಲ್ಲ. ಊಟ ಮಾಡುತ್ತ, ಮುಂದಿನ ವರ್ಷ ಇಷ್ಟೊತ್ತಿಗೆ ಚಕ್ರ ಬೇರೆಯವರ ಕೈಯಲ್ಲಿರುತ್ತದೆ ಎಂದನಷ್ಟೆ. ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಸರಿ, ಬಿಡೋ ಈ ಸಲ," ಎಂದಳು. "ಬರೋದಾದ್ರೆ ನಿನ್ನ ಕೈಯಿಂದ್ಲೇ ಬರ್ಲಿ."

ಮಾರನೆಯ ದಿನವೇ ಅವನು ಪೈಪಿನಿಂದ ಅವಳ ಹೊಲಕ್ಕೆ ಕವಲು ತೆಗೆಸಿದ. ಲೋಟವನ್ನು ತಾನೇ ಹೊಲಕ್ಕೆ ತರುತ್ತೇನೆ, ಬೆರಳಿಟ್ಟು ನೋಡಿದರೆ ಸಾಕು ಎಂದ. ಅಕ್ಕ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆ ನೀರಿನ ಹತ್ತಿರಕ್ಕೆ ತನ್ನ ಬೆರಳು ತರುವುದಿಲ್ಲ, ತಮ್ಮನ ಕೈ ನಂಬಿದ್ದಾಗಿದೆ, ಅಷ್ಟು ಸಾಕು ಎಂದಳು. ಒಬ್ಬರಿಗೂ ಸಡಿಲಿಸದಿದ್ದ ನಿಯಮವನ್ನು ಕಾಫಿ ಅಂದು ಸಡಿಲಿಸಿದ.

ಸರದಿಯ ದಿನ ಬೆಳಿಗ್ಗೆ ಅವನು ಗಡ್ಡ ಹೆರೆದುಕೊಂಡು, ಒಗೆದ ಅಂಗಿ ತೊಟ್ಟು ಪಂಪ್‌ಹೌಸಿಗೆ ಹೋದ. ಇಷ್ಟು ಸಿಂಗಾರ ಯಾರಿಗೆ ಎಂದು ಹೊರಡುವಾಗ ಹೆಂಡತಿ ನಕ್ಕಿದ್ದಳು. ಕಪ್ಪು ಚಕ್ರ ತಿರುಗಿಸಿದ. ನೀಲಿ ಚಕ್ರಕ್ಕೆ ಕೈ ಹಾಕಿದ. ಅಲ್ಲಿ ನಿಂತುಬಿಟ್ಟ.

ಇಷ್ಟು ವರ್ಷ ಕಂಡಕಂಡವರಿಗೆಲ್ಲ ನೀರು ಬೆರೆಸಿ ಕೊಟ್ಟದ್ದಾಯಿತು. ಅಕ್ಕನಿಗೂ ನೀರು ಬೆರೆಸಿದ್ದನ್ನೇ ಕೊಡುವುದೇ? ಪಾತ್ರೆ ತೊಳೆದ ಬೆಳ್ಳನೆಯ ನೀರು ಕಣ್ಣ ಮುಂದೆ ಬಂತು. ಗಟ್ಟಿ ನೀರು ಬೇರು ಸುಡುತ್ತದೆ ಎಂದು ಊರಿಗೆಲ್ಲ ಸಾರಿ ಹೇಳಿದವನು ಅವನೇ. ಗೊತ್ತಿಲ್ಲದೆ ಮಾಡಿದ ಎನ್ನುವ ಹಾಗಿಲ್ಲ. ಆದರೆ ಪ್ರೀತಿ ಬಂದಾಗ ತಲೆಯೆಲ್ಲಿ ಕೆಲಸ ಮಾಡುತ್ತದೆ? ಒಂದೇ ಒಂದು ಸಲ, ಅದೂ ಸೊರಗಿದ ಹೊಲ, ತಡೆದುಕೊಂಡೀತು ಎಂದು ತನಗೆ ತಾನೇ ಹೇಳಿಕೊಂಡ. ನೀಲಿ ಚಕ್ರವನ್ನು ಅರ್ಧ ಸುತ್ತಿಗೇ ಬಿಟ್ಟ. ಲೋಟ ಕಪಾಟಿನ ಮೇಲೆ ಬೋರಲಾಗಿಯೇ ಇತ್ತು.

ಹೊಲದಲ್ಲಿ ಅಕ್ಕ ಬದುವಿನ ಮೇಲೆ ಮೂಗಿಗೆ ಸೆರಗು ಹಿಡಿದು ಕೂತಿದ್ದಳು. ಕಂದು ನೀರು ಸಾಲುಗಳಲ್ಲಿ ಹರಿದು ಬರುವುದನ್ನು ನೋಡಿದಳು, ಓಡಿ ಹೋಗಲಿಲ್ಲ. ಕಾಫಿ ಸೈಕಲ್ಲಿನಲ್ಲಿ ಬಂದು ಅವಳ ಪಕ್ಕ ಕೂತ. ತನ್ನ ಬಾಳಿನಲ್ಲಿ ಅಷ್ಟು ಸುಖವಾಗಿ ಕೂತ ದಿನಗಳು ಕಡಿಮೆ ಎಂದು ಅವನಿಗನ್ನಿಸಿತು.

ವಾರ ಕಳೆಯುವುದರೊಳಗೆ ಜೋಳದ ಗರಿಯ ತುದಿಗಳು ಕಂದಿದವು. ಆಮೇಲೆ ಅಂಚು, ಆಮೇಲೆ ಇಡೀ ಗರಿ. ನೆಲದ ಮೇಲೆ ಬೂದಿ ಎರಚಿದ ಹಾಗೆ ಉಪ್ಪಿನ ಪೊರೆ ಎದ್ದಿತು. ಕಾಫಿ ಬದುವಿನ ಮೇಲೆ ನಿಂತು ಒಂದು ಗರಿ ಹಿಡಿದ; ಅದು ಹಪ್ಪಳದಂತೆ ಪುಡಿಪುಡಿಯಾಯಿತು. ತನಗೆ ಕೆನೆ ಕೊಟ್ಟ ಕೈಗೆ ತಾನು ಕೊಟ್ಟದ್ದು ಇದು.

ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ಮೀಸೆಯಪ್ಪ ಬಂದ, ಅವನ ಹಿಂದೆ ಇನ್ನಷ್ಟು ಜನ ಬಂದರು. ಇವತ್ತು ಇವರದು ಸುಟ್ಟಿದೆ, ನಾಳೆ ನಮ್ಮದು, ಈ ನೀರೇ ಬೇಡ, ಪೈಪು ಕಿತ್ತುಹಾಕೋಣ ಎಂದು ದನಿ ಏರಿತು. ಸೂಪರ್‌ವೈಸರ್ ಮೇಡಂ ಜೀಪಿನಲ್ಲಿ ಬಂದಿಳಿದು, ಮಣ್ಣು ಕೈಗೆತ್ತಿಕೊಂಡು ನೋಡಿ, ಕಾಫಿಯ ಕಡೆ ತಿರುಗಿದರು. ನೀರು ಬಿಟ್ಟವರು ಯಾರು, ಹದ ನೋಡಿದವರು ಯಾರು ಎಂದು ಕೇಳಿದರು. ಕಾಫಿ ಬಾಯಿ ತೆರೆಯುವುದಕ್ಕೂ ಮೊದಲು ಅಕ್ಕ ಮಂಡಿ ಹಿಡಿದುಕೊಂಡು ಎದ್ದು ನಿಂತಳು.

"ನಾನೇ ಗಟ್ಟಿಯಾಗಿ ಬಿಡು ಅಂದೆ," ಎಂದಳು. "ಅವನು ಬೇಡ ಬೇಡ ಅಂದ. ನಾನೇ ಹಟ ಮಾಡ್ದೆ."

"ಇಲ್ಲ ಮೇಡಂ, ಅಕ್ಕ ಏನೂ ಹೇಳ್ಲಿಲ್ಲ. ತಪ್ಪು ನಂದೇ," ಎಂದ ಕಾಫಿ.

"ಅವನ ಮಾತು ಕೇಳ್ಬೇಡಿ. ಚಿಕ್ಕೋನಾಗಿದ್ದಾಗಿಂದ ಹೀಗೇ. ನಾನು ಒಡೆದ ಪಾತ್ರೇನೂ ತಾನೇ ಒಡ್ದೆ ಅಂತಿದ್ದ."

ಇಷ್ಟು ಹಸಿ ಸುಳ್ಳನ್ನು ಅಷ್ಟು ಜನರ ಮುಂದೆ ಕಣ್ಣು ಮಿಟುಕಿಸದೆ ಹೇಳುವುದು ಸುಲಭವಲ್ಲ. ಅಕ್ಕನ ಆಯುಷ್ಯದಲ್ಲಿ ಪಾತ್ರೆಗಳೆಲ್ಲ ಒಡೆದದ್ದು ತಮ್ಮನ ಕೈಯಿಂದಲೇ. ಮೇಡಂ ಇಬ್ಬರ ಮುಖವನ್ನೂ ನೋಡಿದರು. ಅವರಿಗೂ ಮನೆಯಲ್ಲಿ ತಮ್ಮನಿದ್ದನೋ ಏನೋ, ಹೆಚ್ಚು ಕೆದಕಲಿಲ್ಲ. ಹೊಲದವರ ಬೆರಳು ಕಾಣದೆ ಇನ್ನು ಮುಂದೆ ಒಂದು ಹನಿಯೂ ಪೈಪಿಗೆ ಹೋಗಕೂಡದು, ಹೊಲದವರೇ ಬಂದು ಹಟ ಮಾಡಿದರೂ ಸರಿ, ನೆಂಟರಾಗಿದ್ದರೂ ಸರಿ ಎಂದರು. ನೆಂಟರು ಎನ್ನುವಾಗ ಕಾಫಿಯನ್ನು ಗಟ್ಟಿಯಾಗಿ ನೋಡಿದರು. ಸುಟ್ಟ ಹೊಲಕ್ಕೆ ನದಿಯ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಕೆಳಗಿಳಿಸಬೇಕು, ಉತ್ತು ಮಳೆಗೆ ಬಿಡಬೇಕು ಎಂದು ಹೇಳಿ ಜೀಪು ಹತ್ತಿದರು. ಕೇಳಿ ಮಾಡಿಸಿಕೊಂಡ ಹಾನಿಯೆಂದು ತಿಳಿದ ಮೇಲೆ ಜನರ ಉರಿಯೂ ತಣ್ಣಗಾಯಿತು. ಮೀಸೆಯಪ್ಪ ಮಾತ್ರ, ಈ ವಯಸ್ಸಿನಲ್ಲಿ ಅಕ್ಕನಿಗೆ ಇಷ್ಟು ಆಸೆ ಬೇಡವಾಗಿತ್ತು ಎಂದು ಮೀಸೆ ತಿರುವುತ್ತ ಹೋದ. ಆ ಮಾತನ್ನೂ ಅವಳು ನುಂಗಿಕೊಂಡಳು.

ಅಕ್ಕನ ಮನೆಯ ಹತ್ತಿರ ಕಾಫಿ ಅಭ್ಯಾಸದಂತೆ ನಲ್ಲಿಯ ಕಡೆ ತಿರುಗಿದ. ಅಕ್ಕ ಅವನ ರಟ್ಟೆ ಹಿಡಿದು, ಕೆಲಸದ ಅಂಗಿಯಲ್ಲಿ ಇದ್ದ ಹಾಗೆಯೇ ಒಳಗೆ ಎಳೆದುಕೊಂಡು ಹೋಗಿ ಅಡುಗೆಮನೆಯ ಮಣೆಯ ಮೇಲೆ ಕೂರಿಸಿದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದಳು. ಅವನು ಹಾಲಿನ ಪಾತ್ರೆಯ ಮಾತು ಹೇಳಿದ. ಬಿಸಿನೀರು, ಅಲುಗಾಡಿಸಿದ್ದು, ಬೆಳ್ಳಗಿದ್ದದ್ದು ಎಲ್ಲ ಹೇಳಿದ. ನಿನಗೆ ಮತ್ತೆ ನೀರು ಬೆರೆಸಿ ಕೊಡುವುದಕ್ಕೆ ಕೈ ಬರಲಿಲ್ಲ ಎಂದ. ಅರವತ್ತರ ಹತ್ತಿರದ ಗಂಡಸು, ಮಣೆಯ ಮೇಲೆ ಕೂತು ಮುಂಗೈಯಿಂದ ಮೂಗು ಒರೆಸಿಕೊಂಡ.

"ಅಯ್ಯೋ ಹುಚ್ಚಪ್ಪ," ಎಂದಳು ಅಕ್ಕ. "ಗಟ್ಟಿ ಹಾಲು ನಂಗೆ ಯಾವತ್ತು ಸೇರ್ತಿತ್ತೋ? ಕುಡಿದ್ರೆ ಹೊಟ್ಟೆ ಕೆಡೋದು ಕಣೋ. ಅದಕ್ಕೇ ನಿಂಗೆ ಸುರೀತಿದ್ದೆ."

ಇದು ನಿಜವೋ, ಮೇಡಂ ಮುಂದೆ ಹೇಳಿದ ಸುಳ್ಳಿನ ಇನ್ನೊಂದು ಮರಿಯೋ, ಅವನಿಗೆ ತಿಳಿಯಲಿಲ್ಲ. ಅವಳ ಮುಖ ನೋಡಿದ. ಆ ಮುಖದಲ್ಲಿ ಏನೂ ಸಿಗಲಿಲ್ಲ. ಅವಳು ಆಗಲೇ ಒಲೆಯ ಕಡೆ ತಿರುಗಿ ಅವನಿಗೆ ಊಟ ಬಿಸಿ ಮಾಡುತ್ತಿದ್ದಳು.

ಆ ಬೆಳೆ ಹೋಯಿತು. ಪಾಳಿ ಮುಗಿಸಿ ಕಾಫಿ ಪ್ರತಿ ಸಂಜೆ ಅಕ್ಕನ ಹೊಲಕ್ಕೆ ಹೋಗುತ್ತಿದ್ದ. ನದಿಯ ನೀರು ನಿಲ್ಲಿಸುವುದು, ಇಂಗಿದ ಮೇಲೆ ಮತ್ತೆ ನಿಲ್ಲಿಸುವುದು, ಒಣಗಿದ ದಂಟು ಕಿತ್ತು ರಾಶಿ ಹಾಕುವುದು. ಹೆಂಡತಿ ಬುತ್ತಿ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದಳು. ಗಂಡ ಸಿಗಬೇಕಾದರೆ ಅತ್ತಿಗೆಯ ಹೊಲದಲ್ಲೇ ಸಂಸಾರ ಹೂಡಬೇಕು ಎಂದು ಗೊಣಗುತ್ತ ತಾನೂ ದಂಟು ಕೀಳುತ್ತಿದ್ದಳು. ಮಳೆ ಬಂತು, ಒಳ್ಳೆಯ ಮಳೆ. ಉತ್ತ ಮಣ್ಣು ಕಪ್ಪಗೆ ಬಿರಿಯಿತು, ಉಪ್ಪಿನ ಪೊರೆಯ ಗುರುತೂ ಉಳಿಯಲಿಲ್ಲ. ಅಕ್ಕ ಬಾವಿಯ ನೀರಿನಲ್ಲೇ ಜೋಳ ಬಿತ್ತಿಸಿದಳು.

ನೀರಿನ ಮಾತನ್ನು ಕಾಫಿ ಎತ್ತಲಿಲ್ಲ. ಇನ್ನು ಎತ್ತುವ ಮುಖವೂ ಅವನಿಗಿರಲಿಲ್ಲ. ಚಕ್ರ ಬಿಟ್ಟುಕೊಡುವ ದಿನ ಹತ್ತಿರ ಬರುತ್ತಿತ್ತು. ಪಂಪ್‌ಹೌಸಿನಲ್ಲಿ ಕೂತು, ಒಂದೇ ಒಂದು ಸಲ ಕೊಟ್ಟದ್ದೂ ಹಾಳಾಗಿ ಹೋಯಿತಲ್ಲ, ಅಕ್ಕನ ಮನಸ್ಸಿನಲ್ಲಿ ತನ್ನ ದುಡಿಮೆ ಕೊನೆಗೂ ಸುಟ್ಟ ಹೊಲವಾಗಿಯೇ ಉಳಿಯುತ್ತದಲ್ಲ ಎಂದು ಕೊರಗುತ್ತಿದ್ದ.

ಕೊನೆಯ ವಾರದ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಹಳೆಯ ಮೋರಿಯ ಪಕ್ಕದ ದಾರಿಯಲ್ಲಿ ಯಾರೋ ಕೋಲೂರಿಕೊಂಡು ಬರುತ್ತಿದ್ದರು. ಮೋರಿಯಲ್ಲಿ ಈಗ ನೀರಿಲ್ಲ, ಹುಲ್ಲು ಬೆಳೆದಿದೆ. ಆದರೂ ಆ ಹೆಂಗಸು ಅದರ ಅಂಚಿನಿಂದ ದೂರವಾಗಿಯೇ ನಡೆಯುತ್ತಿದ್ದಳು. ಹತ್ತಿರ ಬಂದ ಮೇಲೆ ಕಾಫಿ ಸ್ಟೂಲಿನಿಂದ ಎದ್ದ. ಇಷ್ಟು ವರ್ಷಗಳಲ್ಲಿ ಅಕ್ಕ ಪಂಪ್‌ಹೌಸಿಗೆ ಬಂದದ್ದು ಇದೇ ಮೊದಲು.

ಅವಳು ಉಸಿರು ಹದಕ್ಕೆ ಬರುವವರೆಗೆ ತೊಟ್ಟಿಯ ಕಟ್ಟೆಗೆ ಒರಗಿ ನಿಂತಳು. ಕೊಳ, ಪೈಪು, ಚಕ್ರಗಳು ಎಲ್ಲವನ್ನೂ ಒಂದು ಸುತ್ತು ನೋಡಿದಳು. ಇಷ್ಟು ದೊಡ್ಡದೆಂದು ತನಗೆ ಗೊತ್ತಿರಲಿಲ್ಲ ಎಂದಳು. ಆಮೇಲೆ, ಬೇರೆಯವರ ಕೈಗೆ ಚಕ್ರ ಹೋಗುವುದರೊಳಗೆ ತನ್ನ ಸರದಿ ಹಾಕು ಎಂದಳು.

ಕಾಫಿ ಬೇಡವೆಂದ. ಒಮ್ಮೆ ಸುಟ್ಟದ್ದು ಸಾಕು ಎಂದ. ಅಕ್ಕ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ, ಕಪಾಟಿನ ಮೇಲಿನ ಲೋಟ ತೆಗೆದು ಅವನ ಕೈಗಿಟ್ಟಳು.

ಅವನು ಕಪ್ಪು ಚಕ್ರವನ್ನು ಹೆದರಿ ಹೆದರಿ ತಿರುಗಿಸಿದ, ನೀಲಿಯನ್ನು ಪೂರ್ತಿ ಬಿಚ್ಚಿದ. ತೊಟ್ಟಿಯ ನೀರು ತುಂಬಿ ಬೆಳಕಿಗೆ ಹಿಡಿದ. ಲೋಟದಲ್ಲಿ ಬಣ್ಣವಿತ್ತೋ ಇಲ್ಲವೋ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

"ಇದೇನೋ, ಪಾತ್ರೆ ತೊಳೆದ ನೀರು?" ಎಂದಳು. "ಸ್ವಲ್ಪ ಗಟ್ಟಿ ಮಾಡು."

ಕಾಫಿ ತಟ್ಟನೆ ಅವಳ ಮುಖ ನೋಡಿದ. ಅವಳು ನಗುತ್ತಿದ್ದಳು. ಅವನಿಗೂ ನಗು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಗೊತ್ತಾಗಲಿಲ್ಲ. ಕಪ್ಪು ಚಕ್ರವನ್ನು ಇನ್ನಷ್ಟು ತಿರುಗಿಸಿದ, ನೀಲಿಯನ್ನು ಇಷ್ಟೇ ಇಷ್ಟು ಇಳಿಸಿದ, ಲೋಟ ಚೆಲ್ಲಿ ಮತ್ತೆ ತುಂಬಿದ. ನೀರು ತಿಳಿಗಂದು ಬಣ್ಣಕ್ಕೆ ಬಂದು ನಿಂತಿತು. ಲೋಟವನ್ನು ಬೆಳಕಿಗೆ ಎತ್ತಿ ಹಿಡಿದ. ಬೆರಳಿಡು ಎನ್ನಲಿಲ್ಲ.

ಅಕ್ಕ ಸೆರಗಿನೊಳಗಿನಿಂದ ಬಲಗೈ ತೆಗೆದಳು. ತೋರುಬೆರಳನ್ನು ಲೋಟದ ಹಿಂದೆ ತಂದು ಗಾಜಿಗೆ ಒತ್ತಿ ಹಿಡಿದಳು. ಲೋಟದ ಹೊರಮೈಯಿಂದ ಒಂದೆರಡು ಹನಿ ಇಳಿದು ಅವಳ ಬೆರಳಿಗೆ ತಾಗಿದವು. ಅವಳು ಕೈ ಹಿಂತೆಗೆಯಲಿಲ್ಲ.

"ಕಾಣ್ತಿದ್ಯೇನೋ?"

ಆ ಕಂದು ನೀರಿನ ಆಚೆಗೆ, ಮಬ್ಬಾಗಿ ಆದರೂ ಸ್ಪಷ್ಟವಾಗಿ, ಒಳಕ್ಕೆ ತಿರುಗಿದ ಆ ಬೆರಳಿನ ತುದಿ ಕಾಣುತ್ತಿತ್ತು. ಸೀಳಿದ ಉಗುರೂ ಕಾಣುತ್ತಿತ್ತು.

"ಕಾಣ್ತಿದೆ ಅಕ್ಕ."

"ಹಾಗಾದ್ರೆ ಬಿಡು ನೀರು," ಎಂದಳು ಅಕ್ಕ, ಬೆರಳನ್ನು ಅಲ್ಲೇ ಇಟ್ಟುಕೊಂಡು.